ಉಸಿರು ಮುಟ್ಟದ ಜಾಗ

ಗದಗಿನ ಶಾಲಾ ಶಿಕ್ಷಕಿಯೊಬ್ಬರ ಬಲಗೈ ನರಕ್ಕೆ ತಿಳಿಹಳದಿ ಬಣ್ಣದ ಔಷಧ ಹನಿಹನಿಯಾಗಿ ಇಳಿಯಲು ಶುರುವಾಗಿ ನಲವತ್ತು ನಿಮಿಷಗಳಾಗಿದ್ದವು. ಪಕ್ಕದ ಕೋಣೆಯ ಪರದೆಯ ಮೇಲೆ ಅವರ ಕಿಬ್ಬೊಟ್ಟೆಯ ಒಳಚಿತ್ರ ಮೂಡಿತ್ತು. ಆಮ್ಲಜನಕ ಧಾರಾಳವಾಗಿ ಸಿಗುವ ಭಾಗಗಳು ಕೆಂಪಾಗಿ, ಸಿಗದ ಭಾಗಗಳು ಕಡುನೀಲಿಯಾಗಿ ಕಾಣುವಂಥ ಚಿತ್ರ ಅದು. ಗರ್ಭಕೋಶದ ಕೊರಳಿನಲ್ಲಿ ಬೆಳೆದಿದ್ದ ಗಡ್ಡೆಯ ಹೊರಮೈ ಕೆಂಪಾಗಿಯೇ ಇತ್ತು. ನಡುವೆ ಮಾತ್ರ ನೇರಳೆ ಹಣ್ಣಿನ ಗಾತ್ರದ ಕಡುನೀಲಿ ತಿರುಳು. ಡಾಕ್ಟರ್ ಇಂದುಮತಿ ಕಡಕೋಳ ಕುರ್ಚಿಯ ತುದಿಯಲ್ಲಿ ಕುಳಿತು ಆ ತಿರುಳನ್ನೇ ನೋಡುತ್ತಿದ್ದರು. ಮೊದಲ ಬಿಳಿ ಚುಕ್ಕೆ ಅದರ ಅಂಚಿನಲ್ಲಿ ಕಾಣಿಸಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಊಟದ ಹೊತ್ತಿಗೆ ತಿರುಳಿನ ತುಂಬ ಅಕ್ಕಿ ಚೆಲ್ಲಿದಂತೆ ಚುಕ್ಕೆಗಳು. ಕೆಂಪು ಭಾಗದಲ್ಲಿ ಒಂದೂ ಇರಲಿಲ್ಲ. ಅಷ್ಟನ್ನು ಖಚಿತ ಮಾಡಿಕೊಂಡ ಮೇಲೆ ಅವರು ಬೆಳಗಿನಿಂದ ಹಾಗೇ ಇಟ್ಟಿದ್ದ ತಣ್ಣನೆಯ ಚಹಾ ಕುಡಿದರು.

ಅದು ೨೦೫೮ನೆಯ ಇಸವಿ. ಧಾರವಾಡದ ಹೊರವಲಯದ ಒಂದು ಕ್ಯಾನ್ಸರ್ ಸಂಶೋಧನಾ ಕೇಂದ್ರದಲ್ಲಿ ಇಂದುಮತಿ ಸಂಶ್ಲೇಷಣಾ ವಿಭಾಗದ ಮುಖ್ಯಸ್ಥೆ. ಸಂಶ್ಲೇಷಣೆಯೆಂದರೆ ಸಣ್ಣ ಅಣುಗಳನ್ನು ಒಂದಕ್ಕೊಂದು ಕೂಡಿಸಿ, ಪ್ರಕೃತಿಯಲ್ಲಿಲ್ಲದ ಹೊಸ ಅಣುವೊಂದನ್ನು ಹಂತಹಂತವಾಗಿ ಕಟ್ಟುವ ಕೆಲಸ. ಒಂಬತ್ತು ವರ್ಷಗಳಲ್ಲಿ ಅವರ ತಂಡ ಕಟ್ಟಿದ ಅಣುಗಳಲ್ಲಿ ನೂರಾಹದಿನಾರನೆಯದು ಈಗ ಶಿಕ್ಷಕಿಯ ರಕ್ತದಲ್ಲಿ ಹರಿಯುತ್ತಿತ್ತು. ಅದಕ್ಕೆ ಉದ್ದನೆಯ ಶಾಸ್ತ್ರೀಯ ಹೆಸರಿತ್ತು. ಆದರೆ ನರ್ಸುಗಳಿಂದ ಹಿಡಿದು ರೋಗಿಗಳವರೆಗೆ ಎಲ್ಲರೂ ಅದನ್ನು ‘ನೂರಾಹದಿನಾರು’ ಎಂದೇ ಕರೆಯುತ್ತಿದ್ದರು.

ಗಡ್ಡೆಗಳು ಅವಸರದಲ್ಲಿ ಬೆಳೆಯುತ್ತವೆ. ಅಷ್ಟೇ ಅವಸರದಲ್ಲಿ ರಕ್ತನಾಳಗಳು ಬೆಳೆಯಲಾರವು. ಬೆಳೆದರೂ ಸೊಟ್ಟಗೆ, ಅಲ್ಲಲ್ಲಿ ಹಿಸುಕಿಕೊಂಡು ಬೆಳೆಯುತ್ತವೆ. ಹೀಗಾಗಿ ಗಡ್ಡೆಯ ನಡುವಿನ ಜೀವಕೋಶಗಳಿಗೆ ಆಮ್ಲಜನಕ ತಲುಪುವುದಿಲ್ಲ. ಅವು ಸಾಯಬೇಕಿತ್ತು. ಆದರೆ ಉಸಿರಿಲ್ಲದೆ ಬದುಕುವುದನ್ನು ಕಲಿತು ಇನ್ನಷ್ಟು ಗಟ್ಟಿಯಾಗುತ್ತವೆ. ವಿಕಿರಣ ಚಿಕಿತ್ಸೆ ಪೂರಾ ಪರಿಣಾಮ ಬೀರಲು ಆಮ್ಲಜನಕ ಬೇಕು. ಅದಿಲ್ಲದ ಕಡೆ ಕಿರಣಗಳೂ ಸೋಲುತ್ತವೆ. ಗುಣವಾಯಿತೆಂದು ಮನೆಗೆ ಹೋದವರು ಎರಡು ವರ್ಷಕ್ಕೆ ಮರಳಿ ಬರುತ್ತಿದ್ದುದು ಬಹಳ ಸಲ ಈ ತಿರುಳಿನಿಂದಾಗಿ.

ಇಂದುಮತಿಯವರು ಕಟ್ಟಿದ ಅಣು ಎರಡು ಭಾಗಗಳದ್ದು. ಒಂದು, ಜೀವಕೋಶವನ್ನು ಕೊಲ್ಲುವ ವಿಷ. ಇನ್ನೊಂದು, ಆ ವಿಷವನ್ನು ಕಟ್ಟಿಹಾಕಿದ ಉಂಗುರದಾಕಾರದ ಬೀಗ. ಜೀವಕೋಶದೊಳಗಿನ ಕಿಣ್ವಗಳು ಈ ಉಂಗುರಕ್ಕೆ ಇಲೆಕ್ಟ್ರಾನುಗಳನ್ನು ಕೊಡುತ್ತಲೇ ಇರುತ್ತವೆ. ಹತ್ತಿರದಲ್ಲಿ ಆಮ್ಲಜನಕವಿದ್ದರೆ ಅದು ಕೊಟ್ಟದ್ದನ್ನು ಕೂಡಲೇ ಕಿತ್ತುಕೊಳ್ಳುತ್ತದೆ, ಬೀಗ ಮೊದಲಿನಂತೆಯೇ ಉಳಿಯುತ್ತದೆ. ಆಮ್ಲಜನಕ ಇಲ್ಲದಿದ್ದರೆ ಕಿತ್ತುಕೊಳ್ಳುವವರೇ ಇಲ್ಲ. ಇಲೆಕ್ಟ್ರಾನುಗಳು ಸೇರುತ್ತ ಹೋಗಿ ಉಂಗುರ ಬಿರಿಯುತ್ತದೆ, ವಿಷ ಹೊರಬೀಳುತ್ತದೆ. ಪರದೆಯ ಮೇಲಿನ ಒಂದೊಂದು ಬಿಳಿ ಚುಕ್ಕೆಯೂ ಹಾಗೆ ತೆರೆದುಕೊಂಡ ಬೀಗಗಳ ಗುರುತು.

ಶಿಕ್ಷಕಿ ಮೂವತ್ತಾರನೆಯ ರೋಗಿ. ಮೊದಲಿನ ಮೂವತ್ತೈದು ಮಂದಿಯಲ್ಲಿ ಮೂವತ್ತೊಂದು ಜನರ ಗಡ್ಡೆಯ ತಿರುಳು ಕರಗಿತ್ತು. ಇನ್ನು ಮೂರು ವಾರಕ್ಕೆ ಔಷಧ ಮಂಡಳಿಯ ಅಂತಿಮ ಸಭೆ. ಒಪ್ಪಿಗೆ ಸಿಕ್ಕರೆ ಎಲ್ಲ ಜಿಲ್ಲಾಸ್ಪತ್ರೆಗಳಿಗೂ ನೂರಾಹದಿನಾರು ಹೋಗಲಿತ್ತು. ಕಾಯುವವರ ಪಟ್ಟಿಯಲ್ಲಿ ಆಗಲೇ ಸಾವಿರದ ನೂರು ಹೆಸರುಗಳಿದ್ದವು.

ಆ ವಾರವೇ ಇಳಕಲ್ಲಿನಿಂದ ಸಂಗವ್ವ ಬೂದಿಹಾಳ ಬಂದರು. ವಯಸ್ಸು ಅರವತ್ತನಾಲ್ಕು. ಗಂಡ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು. ಜೊತೆಗೆ ಬಂದವಳು ಒಬ್ಬಳೇ ಮಗಳು ಸೃಷ್ಟಿ. ಇಳಕಲ್ ಡಿಪೋದಲ್ಲಿ ವಿದ್ಯುತ್ ಬಸ್ಸಿನ ಚಾಲಕಿ, ಅವತ್ತು ರಜೆ ಹಾಕಿ ಬಂದಿದ್ದಳು. ಸಂಗವ್ವನಿಗೂ ಇದ್ದದ್ದು ಅದೇ ಗರ್ಭಕೋಶದ ಕೊರಳಿನ ಕ್ಯಾನ್ಸರು. ಈಗಿನ ಹುಡುಗಿಯರಿಗೆ ಲಸಿಕೆಯಿಂದಾಗಿ ಅದು ಬರುವುದೇ ಅಪರೂಪ. ಸಂಗವ್ವ ಹುಡುಗಿಯಾಗಿದ್ದಾಗ ಆ ಲಸಿಕೆ ಅವರ ಊರಿನ ಯಾರಿಗೂ ಸಿಕ್ಕಿರಲಿಲ್ಲ.

ಕೇಂದ್ರದ ವೈದ್ಯ ಡಾಕ್ಟರ್ ಫಯಾಜ್ ಸವಣೂರ ಸಂಗವ್ವನ ಒಳಚಿತ್ರ ತೆಗೆದು, ಇಂದುಮತಿಯವರನ್ನು ಕೆಳಗೆ ಕರೆಸಿಕೊಂಡರು. ಗಡ್ಡೆಯ ತಿರುಳು ಕಡುನೀಲಿಯಾಗಿತ್ತು, ಅದು ನಿರೀಕ್ಷಿಸಿದ್ದೇ. ಆದರೆ ಯಕೃತ್ತು ಪೂರಾ ತಿಳಿನೀಲಿ. ಮೂತ್ರಪಿಂಡಗಳ ಒಳಭಾಗ ನೀಲಿ. ಹೃದಯದ ಒಂದು ಅಂಚೂ ನೀಲಿ. ಬೆರಳಿಗೆ ಹಾಕಿದ ಯಂತ್ರ ರಕ್ತದ ಆಮ್ಲಜನಕವನ್ನು ಎಂಬತ್ತಾರು ಎಂದು ತೋರಿಸುತ್ತಿತ್ತು. ಆರೋಗ್ಯವಂತರಲ್ಲಿ ಅದು ತೊಂಬತ್ತೈದಕ್ಕಿಂತ ಮೇಲಿರಬೇಕು. ಸಂಗವ್ವ ಹನ್ನೆರಡು ವರ್ಷ ಕಲ್ಲಿನ ಕಾರ್ಖಾನೆಯೊಂದರಲ್ಲಿ ಚಪ್ಪಡಿಗಳ ಅಂಚು ಉಜ್ಜಿ ನಯ ಮಾಡುವ ಕೆಲಸ ಮಾಡಿದ್ದರು. ಆ ಧೂಳು ಪುಪ್ಪುಸಗಳಲ್ಲಿ ಕೂತು, ಗಾಳಿ ಹೀರುವ ಜಾಗವನ್ನು ಗಾಯದ ಕಲೆಯಂತೆ ಗಡುಸು ಮಾಡಿತ್ತು.

ಇವರಿಗೆ ನೂರಾಹದಿನಾರು ಕೊಟ್ಟರೆ ಯಕೃತ್ತಿನಲ್ಲೂ ಬೀಗ ತೆರೆದುಕೊಳ್ಳುತ್ತದೆ ಎಂದು ಫಯಾಜ್ ಹೇಳಬೇಕಾಗಿಯೇ ಇರಲಿಲ್ಲ. ಇಂದುಮತಿ ಚಿತ್ರ ನೋಡುತ್ತ ಬೇರೇನನ್ನೋ ನೆನಪಿಸಿಕೊಳ್ಳುತ್ತಿದ್ದರು. ಇಪ್ಪತ್ತಮೂರನೆಯ ರೋಗಿ, ರೋಣದ ಕಡೆಯ ಹೆಣ್ಣುಮಗಳು, ಔಷಧದ ಮೂರನೆಯ ದಿನ ಕಾಮಾಲೆಯಾಗಿ ಆರು ವಾರ ಹಾಸಿಗೆ ಹಿಡಿದಿದ್ದರು. ಮನೆಯಲ್ಲಿ ಕುಡಿದ ಕಷಾಯವೇನೋ ಕಾರಣವಿರಬೇಕೆಂದು ಕಡತದಲ್ಲಿ ಬರೆದಾಗಿತ್ತು. ಇಂದುಮತಿ ಆ ಕಡತ ತೆಗೆಸಿದರು. ಆಕೆಯ ರಕ್ತದಲ್ಲಿ ಹಿಮೋಗ್ಲೋಬಿನ್ ಏಳು, ಇರಬೇಕಾದದ್ದರ ಅರ್ಧದಷ್ಟು. ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನೇ ಕಡಿಮೆಯಿದ್ದರೆ ಯಕೃತ್ತಿಗೆ ತಲುಪುವುದೆಷ್ಟು? ಆಕೆಯನ್ನು ಮಲಗಿಸಿದ್ದು ಕಷಾಯವಲ್ಲ, ತಾವು ಕಟ್ಟಿದ ಅಣುವೇ ಎಂಬುದು ಅವರಿಗೆ ಮನದಟ್ಟಾಯಿತು.

ಇದನ್ನು ಮಂಡಳಿಗೆ ಬರೆಯಬೇಕು ಎಂದರು ಇಂದುಮತಿ. ಫಯಾಜ್ ಕಾಯುವವರ ಪಟ್ಟಿಯನ್ನು ಪರದೆಯ ಮೇಲೆ ತೆರೆದರು. ಅವರು ದಿನವೂ ಆ ಸಾವಿರದ ನೂರು ಜನರ ಫೋನುಗಳಿಗೆ ಉತ್ತರ ಕೊಡುತ್ತಿದ್ದವರು.

“ಮೇಡಂ, ಬರೀಬ್ಯಾಡ್ರಿ ಅನ್ನಂಗಿಲ್ಲ ನಾ,” ಎಂದರು. “ಆದ್ರ ಈಗ ಬರದ್ರ ಎಲ್ಲಾ ನಿಲ್ಲಸ್ತಾರ. ಕಾಯಾಕತ್ತವ್ರಾಗ ಬಾಳ ಮಂದಿಗೆ ಕಾಯೂವಷ್ಟು ದಿನ ಇಲ್ಲ.”

“ಗೊತ್ತದ ಫಯಾಜ್. ಆದ್ರ ಬರೀಲಿಲ್ಲಂದ್ರ ರೋಣದಾಕಿಯಂಥವರು ಎಷ್ಟು ಮಂದಿಗೆ ನಾವ ವಿಷಾ ಕೊಡ್ತೀವೋ, ಅದು ಗೊತ್ತಿಲ್ಲ.”

ಅವತ್ತು ಸಂಜೆಯೊಳಗೆ ವರದಿ ಹೋಯಿತು. ಫಯಾಜ್ ಹೇಳಿದಂತೆಯೇ ಆಯಿತು. ಮಂಡಳಿ ಹೊಸ ರೋಗಿಗಳಿಗೆ ಔಷಧ ಕೊಡುವುದನ್ನು ಎರಡು ತಿಂಗಳು ತಡೆಹಿಡಿಯಿತು. ಆಮೇಲೆ ರಕ್ತದಲ್ಲಿ ಆಮ್ಲಜನಕವೂ ಹಿಮೋಗ್ಲೋಬಿನ್ನೂ ಸಾಕಷ್ಟಿದ್ದವರಿಗೆ ಮಾತ್ರ ಎಂಬ ಷರತ್ತಿನೊಂದಿಗೆ ಒಪ್ಪಿಗೆ ಕೊಟ್ಟಿತು. ಆ ಎರಡು ತಿಂಗಳಲ್ಲಿ ಪಟ್ಟಿಯಲ್ಲಿದ್ದ ಹದಿನಾಲ್ಕು ಮಂದಿ ತೀರಿಕೊಂಡರು. ಅವರ ಹೆಸರುಗಳನ್ನು ಇಂದುಮತಿ ಕೇಳಿ ಪಡೆದು, ತಮ್ಮ ಪ್ರಯೋಗದ ಪುಸ್ತಕದ ಒಳರಟ್ಟಿನಲ್ಲಿ ಬರೆದುಕೊಂಡರು. ಯಾರಿಗೂ ತೋರಿಸಲಿಲ್ಲ.

ಷರತ್ತಿನ ಪ್ರಕಾರ ಪಟ್ಟಿಯನ್ನು ಜಾಲಾಡಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಮೂರರಲ್ಲಿ ಒಬ್ಬರು ಔಷಧಕ್ಕೆ ಅನರ್ಹರು. ಕಲ್ಲುಗಣಿಯವರು, ಹತ್ತಿ ಗಿರಣಿಯವರು, ಹೊಗೆಯ ಒಲೆಯ ಮುಂದೆ ಅರ್ಧ ಆಯುಷ್ಯ ಕಳೆದವರು, ದೊಡ್ಡ ರಸ್ತೆಗಳ ಬದಿಯಲ್ಲಿ ಬಂಡಿಯಿಟ್ಟು ವ್ಯಾಪಾರ ಮಾಡಿದವರು, ರಕ್ತಹೀನತೆಯಿದ್ದೂ ಎಂದೂ ಪರೀಕ್ಷೆ ಮಾಡಿಸಿಕೊಳ್ಳದ ಹೆಂಗಸರು.

ಸಂಗವ್ವನಿಗೆ ಈ ಔಷಧ ಕೊಡಲಾಗದೆಂದು ತಿಳಿಸಲು, ವರದಿ ಕಳಿಸಿದ ಮರುದಿನವೇ ಇಂದುಮತಿ ತಾವೇ ವಾರ್ಡಿಗೆ ಹೋಗಿದ್ದರು. ಸಂಗವ್ವ ಮಂಚದ ಮೇಲೆ ಕಾಲು ಇಳಿಬಿಟ್ಟು, ಎರಡೂ ಕೈ ಊರಿ ಕುಳಿತಿದ್ದರು. ನಾಲ್ಕು ಮಾತಿಗೊಮ್ಮೆ ನಿಲ್ಲಬೇಕಿತ್ತು, ಉಸಿರು ಎಳೆದುಕೊಳ್ಳಬೇಕಿತ್ತು. ಅಣು, ಬೀಗ, ಇಲೆಕ್ಟ್ರಾನು ಎಲ್ಲವನ್ನೂ ಇಂದುಮತಿ ಸರಳ ಮಾಡಿ ಹೇಳಿದರು. ಸಂಗವ್ವ ಅರ್ಥವಾದಂತೆ ತಲೆಯಾಡಿಸುತ್ತ ಪೂರಾ ಕೇಳಿಸಿಕೊಂಡರು.

“ಹಂಗಾದ್ರ ಬಾಯಾರ... ನಿಮ್ಮ ಔಷಧಿ... ಉಸಿರು ಇದ್ದವರಿಗಷ್ಟ ಅನ್ರಿ,” ಎಂದರು.

ಅವರ ಮಾತಿನಲ್ಲಿ ಕೊಂಕಿರಲಿಲ್ಲ. ವಿಷಯ ತನಗೆ ಸರಿಯಾಗಿ ತಿಳಿಯಿತೇ ಎಂದು ಕೇಳಿದಂತಿತ್ತು. ಇಂದುಮತಿ ಹೌದೆಂದರು. ಹೊರಗೆ ಬಂದಾಗ ಸೃಷ್ಟಿ ಹಿಂದೆಯೇ ಬಂದಳು. ಅವ್ವ ಇನ್ನೆಷ್ಟು ದಿನ ತಡೆದಾಳು ಎಂದಷ್ಟೇ ಕೇಳಿದಳು. ವಿಕಿರಣ ಕೊಟ್ಟು ಗಡ್ಡೆಯ ಹೊರಮೈಯನ್ನು ಹತೋಟಿಯಲ್ಲಿಟ್ಟರೆ ಐದಾರು ತಿಂಗಳು ಎಂದರು ಇಂದುಮತಿ. ಸೃಷ್ಟಿ ಲೆಕ್ಕ ಹಾಕಿದಂತೆ ನಿಂತು, ಹದಿನೈದು ದಿನಕ್ಕೊಮ್ಮೆ ಕರೆದುಕೊಂಡು ಬರುತ್ತೇನೆ ಎಂದು ಹೇಳಿ ಒಳಗೆ ಹೋದಳು.

ಮರುದಿನದಿಂದ ಇಂದುಮತಿ ಮತ್ತೆ ಪ್ರಯೋಗಾಲಯದ ಕೆಲಸಕ್ಕೆ ಇಳಿದರು. ಯೋಚನೆ ಕಷ್ಟದ್ದಾಗಿರಲಿಲ್ಲ. ಸಂಗವ್ವನ ಯಕೃತ್ತಿನಲ್ಲಿ ಆಮ್ಲಜನಕ ಕಡಿಮೆ ಇತ್ತು. ಗಡ್ಡೆಯ ತಿರುಳಿನಲ್ಲಿ ಬಹುತೇಕ ಇರಲೇ ಇಲ್ಲ. ಕಡಿಮೆಗೂ ಇಲ್ಲದ್ದಕ್ಕೂ ನಡುವಿನ ಅಂತರವನ್ನು ನೂರಾಹದಿನಾರು ಗುರುತಿಸುತ್ತಿರಲಿಲ್ಲ. ಅದರ ಉಂಗುರ ಇಲೆಕ್ಟ್ರಾನುಗಳಿಗೆ ಅತಿಯಾಗಿ ಹಸಿದಿತ್ತು. ಉಂಗುರದ ಪಕ್ಕದಲ್ಲಿ ಇಂಗಾಲದ ಒಂದು ಪುಟ್ಟ ಕವಲು ಕೂಡಿಸಿದರೆ ಆ ಹಸಿವು ಕಡಿಮೆಯಾಗಬೇಕು, ಬೀಗ ಬಿಗಿಯಾಗಬೇಕು.

ಕಾಗದದ ಮೇಲೆ ಎರಡು ಗೆರೆ ಎಳೆಯುವಷ್ಟು ಸುಲಭದ ಬದಲಾವಣೆ. ಆದರೆ ಗಾಜಿನ ಪಾತ್ರೆಯಲ್ಲಿ ಅದು ಆಗಲೊಲ್ಲದು. ಕವಲು ಅಡ್ಡ ಬಂದು, ಒಂಬತ್ತನೆಯ ಹಂತದಲ್ಲಿ ವಿಷದ ಭಾಗವನ್ನು ಉಂಗುರಕ್ಕೆ ಕೂಡಿಸಲು ಹೋದಾಗಲೆಲ್ಲ ಪಾತ್ರೆಯ ತಳದಲ್ಲಿ ಡಾಂಬರಿನಂಥ ಕಪ್ಪು ಅಂಟು ಉಳಿಯುತ್ತಿತ್ತು. ಸಂಶ್ಲೇಷಣೆಯ ದಾರಿ ಹುಡುಕುವ ಗಣಕ ನಲವತ್ತೊಂದು ದಾರಿಗಳನ್ನು ಸೂಚಿಸಿತು. ಕೊಳವೆಗಳ ಜಾಲದಲ್ಲಿ ರಾಸಾಯನಿಕಗಳನ್ನು ತಾನೇ ಬೆರೆಸುವ ಯಂತ್ರ ಎರಡು ತಿಂಗಳಲ್ಲಿ ಎಲ್ಲವನ್ನೂ ಮಾಡಿ ನೋಡಿತು. ನಲವತ್ತೊಂದು ಸಲವೂ ಅಂಟು.

ಹದಿನೈದು ದಿನಕ್ಕೊಮ್ಮೆ ಸಂಗವ್ವ ಬರುತ್ತಿದ್ದರು. ಪ್ರತಿ ಸಲವೂ ಸ್ವಲ್ಪ ಇಳಿದಿರುತ್ತಿದ್ದರು. ಆಗಸ್ಟಿನಲ್ಲಿ ರಕ್ತಸ್ರಾವ ಶುರುವಾಯಿತು. ಸೆಪ್ಟೆಂಬರಿನಲ್ಲಿ ಗಾಲಿಕುರ್ಚಿ ಬೇಕಾಯಿತು.

ದಾರಿ ಸಿಕ್ಕಿದ್ದು ಸೆಪ್ಟೆಂಬರಿನ ಒಂದು ಬೆಳಿಗ್ಗೆ. ಇಂದುಮತಿ ಹಂತಗಳ ಪಟ್ಟಿಯನ್ನು ತಿರುವುಮುರುವಾಗಿ ಓದುತ್ತಿದ್ದರು. ಒಂಬತ್ತು ವರ್ಷಗಳಿಂದ ಅವರ ತಂಡ ಮೊದಲು ಉಂಗುರ ಮಾಡಿ, ಆಮೇಲೆ ಅದಕ್ಕೆ ವಿಷ ಕೂಡಿಸುತ್ತ ಬಂದಿತ್ತು. ಗಣಕಕ್ಕೆ ಕಲಿಸಿದ್ದೂ ಅದನ್ನೇ. ಉಂಗುರವೇ ಇಲ್ಲದೆ, ಅದರ ಬಿಡಿ ಎಳೆಗಳಿಗೆ ಮೊದಲು ವಿಷವನ್ನೂ ಕವಲನ್ನೂ ಕೂಡಿಸಿ, ಕಟ್ಟಕಡೆಗೆ ಎಳೆಯ ಎರಡು ತುದಿಗಳನ್ನು ಸೇರಿಸಿ ಉಂಗುರ ಮುಚ್ಚಿದರೆ? ಕೊನೆಯ ಹಂತಕ್ಕೆ ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿನ ಚಳಿ ಬೇಕು, ಹನಿಹನಿಯಾಗಿ ಬೆರೆಸಬೇಕು. ಯಂತ್ರವನ್ನು ಬಿಟ್ಟು ಅವರು ಕೈಯಿಂದಲೇ ಮಾಡಿದರು, ಆರು ಗಂಟೆ ನಿಂತು. ಪಾತ್ರೆಯ ದ್ರವ ಕಪ್ಪಾಗಲಿಲ್ಲ. ಕಿತ್ತಳೆಯಾಯಿತು, ಹಾಗೇ ಉಳಿಯಿತು. ಎರಡನೆಯ ದಿನ ಅದರ ಗೋಡೆಗೆ ಸೂಜಿಯಂಥ ಹರಳುಗಳು ಅಂಟಿಕೊಂಡಿದ್ದವು.

ಅದು ನೂರಾಮೂವತ್ತೊಂದನೆಯ ಅಣು. ಆ ಹೊತ್ತಿಗೆ ಔಷಧಗಳನ್ನು ಪರೀಕ್ಷಿಸಲು ರೋಗಿಯದೇ ಜೀವಕೋಶಗಳಿಂದ ಕಾಳಿನಷ್ಟು ಪುಟ್ಟ ಅಂಗಗಳನ್ನು ಗಾಜಿನಲ್ಲಿ ಬೆಳೆಸುವುದು ರೂಢಿಯಾಗಿತ್ತು. ಸಂಗವ್ವನ ಯಕೃತ್ತಿನ ಕಾಳು, ಗಡ್ಡೆಯ ಕಾಳು ಎರಡನ್ನೂ ಒಂದೇ ತಟ್ಟೆಯಲ್ಲಿಟ್ಟು ನೂರಾಮೂವತ್ತೊಂದನ್ನು ಬಿಟ್ಟರು. ಗಡ್ಡೆಯ ಕಾಳು ಎರಡು ದಿನಕ್ಕೆ ಕರಗಿತು. ಯಕೃತ್ತಿನ ಕಾಳಿಗೆ ಹೆಚ್ಚಿನ ಪೆಟ್ಟು ಬೀಳಲಿಲ್ಲ. ಆದರೆ ಪೂರಾ ಬಿಟ್ಟಿತೆಂದೂ ಹೇಳುವಂತಿರಲಿಲ್ಲ. ಹತ್ತರಲ್ಲಿ ಒಂದು ಕೋಶ ಸತ್ತಿತ್ತು.

ಆಗ ಫಯಾಜ್ ಒಂದು ಸಲಹೆ ಕೊಟ್ಟರು. ಒತ್ತಡದಲ್ಲಿ ಶುದ್ಧ ಆಮ್ಲಜನಕ ತುಂಬಿದ ಕೋಣೆಯೊಳಗೆ ಕೂರಿಸಿ ಔಷಧ ಕೊಟ್ಟರೆ, ಅಷ್ಟು ಹೊತ್ತು ಯಕೃತ್ತಿಗೆ ಉಸಿರು ಸಿಗುತ್ತದೆ. ಗಡ್ಡೆಯ ತಿರುಳಿಗೆ ಹೋಗುವ ನಾಳಗಳು ಹಿಸುಕಿಹೋಗಿರುವುದರಿಂದ ಅದಕ್ಕೆ ಸಿಗುವುದಿಲ್ಲ. ವರದಿ ಕಳಿಸಿದ ಮೇಲಿನ ನಾಲ್ಕು ತಿಂಗಳಲ್ಲಿ ಅವರಿಬ್ಬರೂ ಕೆಲಸದ ಹೊರತು ಬೇರೆ ಮಾತಾಡಿರಲಿಲ್ಲ. ಇಂದುಮತಿ ಅವರಿಗೆ ಕುರ್ಚಿ ಎಳೆದು ಕೊಟ್ಟರು, ಇಬ್ಬರೂ ಕೂತು ಔಷಧದ ಪ್ರಮಾಣ ಗೊತ್ತುಮಾಡಿದರು.

ಮಂಡಳಿಯ ವಿಶೇಷ ಅನುಮತಿ ಪಡೆದು, ಅಪಾಯವನ್ನು ಮುಚ್ಚಿಡದೆ ಸಂಗವ್ವನಿಗೂ ಸೃಷ್ಟಿಗೂ ಹೇಳಿದರು. ಯಕೃತ್ತು ಕೆಡಬಹುದು, ಜೀವವೇ ಹೋಗಬಹುದು. ಸಹಿ ಮಾಡುವ ಮೊದಲು ಸಂಗವ್ವ ಒಂದೇ ಪ್ರಶ್ನೆ ಕೇಳಿದರು: ತನಗೆ ಆಗಿಬರದಿದ್ದರೂ ತನ್ನಂಥವರ ಔಷಧಿಗೆ ಇದರಿಂದ ಏನಾದರೂ ಗೊತ್ತಾಗುತ್ತದೆಯೇ? ಗೊತ್ತಾಗುತ್ತದೆ ಎಂದರು ಇಂದುಮತಿ.

ಅಕ್ಟೋಬರಿನ ಮೊದಲ ವಾರ ಗಾಜಿನ ಬಾಗಿಲಿನ ಆ ಪುಟ್ಟ ಕೋಣೆಯೊಳಗೆ ಸಂಗವ್ವನನ್ನು ಕೂರಿಸಿದರು. ಹೊರಗೆ ಸೃಷ್ಟಿ, ಒಳಗಿನ ಮಾತು ಕೇಳಲು ಗೋಡೆಗೆ ಧ್ವನಿಯಂತ್ರ. ಒತ್ತಡ ಏರಿತು, ಜೊತೆಗೆ ಬೆರಳಿನ ಯಂತ್ರದ ಅಂಕಿಯೂ. ಎಂಬತ್ತಾರು, ತೊಂಬತ್ತು, ತೊಂಬತ್ತಾರು, ತೊಂಬತ್ತೊಂಬತ್ತು. ಸಂಗವ್ವನ ತುಟಿಯ ನೀಲಿ ನಿಧಾನವಾಗಿ ಹೋಯಿತು. ಕೈ ಊರುವುದನ್ನು ಬಿಟ್ಟು ಅವರು ಬೆನ್ನು ನೆಟ್ಟಗೆ ಮಾಡಿದರು. ಬಾಯಿಗೆ ಏನೋ ರುಚಿ ಬಂದವರಂತೆ ಎರಡು ಮೂರು ಸಲ ದೀರ್ಘವಾಗಿ ಗಾಳಿ ಎಳೆದುಕೊಂಡರು. ಆಮೇಲೆ ಮಾತಿಗೆ ತೊಡಗಿದರು.

“ಸೃಷ್ಟಿ, ನೀ ಹುಟ್ಟಿದಾಗ ನಿಮ್ಮಪ್ಪ ಬಾಗಲಕೋಟಿಯಿಂದ ಸೈಕಲ್ ಮ್ಯಾಲ ಬಂದಿದ್ದ ನೋಡವ್ವಾ, ಬಸ್ ಇಲ್ಲಂತ ಹೇಳಿ, ಬಿಸಿಲಾಗ, ತಲಿಗೆ ಟವೆಲ್ ಸುತ್ತಿಕೊಂಡು, ಇನ್ನೊಂದು ಟವೆಲ್‌ನಾಗ ಕಟ್ಟಿಕೊಂಡು ತಂದ ಪೇರಲ ಹಣ್ಣೆಲ್ಲಾ ಹಿಸುಕಿ ಜಾಮ್ ಆಗಿತ್ತು.”

ಸೃಷ್ಟಿಗೆ ಮೂವತ್ತೆಂಟು ವರ್ಷ. ಬುದ್ಧಿ ತಿಳಿದಂದಿನಿಂದ ಅವ್ವ ಇಷ್ಟುದ್ದದ ಮಾತನ್ನು ನಡುವೆ ನಿಲ್ಲಿಸದೆ ಆಡಿದ್ದನ್ನು ಅವಳು ಕೇಳಿರಲಿಲ್ಲ. ಅವಳು ಗಾಜಿಗೆ ಅಂಗೈ ಇಟ್ಟು ನಿಂತುಬಿಟ್ಟಳು. ಒಳಗೆ ಕಿತ್ತಳೆ ಬಣ್ಣದ ಔಷಧ ಹನಿಯುತ್ತಲೇ ಇತ್ತು, ಸಂಗವ್ವ ಒಂದೂವರೆ ಗಂಟೆ ಮಾತಾಡುತ್ತಲೇ ಇದ್ದರು. ಗಂಡ, ತವರು, ಸತ್ತುಹೋದ ಗೆಳತಿಯರು, ಒಂದು ಎಮ್ಮೆ. ಪರದೆಯ ಮುಂದಿದ್ದ ಇಂದುಮತಿಗೆ ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ಕಡುನೀಲಿ ತಿರುಳಿನಲ್ಲಿ ಬಿಳಿ ಚುಕ್ಕೆಗಳು ಮೂಡುತ್ತಿದ್ದವು. ಕೆಂಪೇರಿದ್ದ ಯಕೃತ್ತಿನಲ್ಲಿ ಅವರು ಎಣಿಸಿದ್ದು ಏಳೇ ಏಳು.

ಆರು ಸಲ ಔಷಧ ಕೊಟ್ಟರು. ಯಕೃತ್ತು ತಡೆದುಕೊಂಡಿತು. ತಿರುಳು ಕರಗಿದ ಮೇಲೆ ಉಳಿದ ಹೊರಮೈಯನ್ನು ವಿಕಿರಣ ಸುಟ್ಟಿತು. ಫೆಬ್ರುವರಿಯ ಹೊತ್ತಿಗೆ ಗಡ್ಡೆಯ ಜಾಗದಲ್ಲಿ ಗಾಯದ ಗೆರೆಯಷ್ಟೇ ಉಳಿದಿತ್ತು. ಪುಪ್ಪುಸಗಳು ಮಾತ್ರ ಮೊದಲಿನಂತೆಯೇ ಇದ್ದವು. ಅವುಗಳಿಗೆ ಇಂದುಮತಿಯ ಬಳಿ ಯಾವ ಅಣುವೂ ಇರಲಿಲ್ಲ. ಭುಜಕ್ಕೆ ಜೋತುಬಿಡುವ ಆಮ್ಲಜನಕದ ಪೆಟ್ಟಿಗೆಯೊಂದಿಗೆ ಸಂಗವ್ವ ಇಳಕಲ್ಲಿಗೆ ಮರಳಿದರು.

ಮುಂದಿನ ಎರಡು ವರ್ಷಗಳಲ್ಲಿ ಎರಡೂ ಅಣುಗಳು ಜಿಲ್ಲಾಸ್ಪತ್ರೆಗಳಿಗೆ ಹೋದವು. ಯಾರಿಗೆ ಯಾವುದು ಎಂದು ತಿಳಿಯಲು ಪ್ರತಿಯೊಬ್ಬರ ಉಸಿರನ್ನೂ ರಕ್ತವನ್ನೂ ಮೊದಲು ಅಳೆಯಬೇಕಾಗಿತ್ತು. ಆ ಅಳತೆಯಿಂದ ಯಾರೂ ನಿರೀಕ್ಷಿಸದ ಒಂದು ಫಲ ಬಂತು. ಕ್ಯಾನ್ಸರ್ ಇಲ್ಲದವರೂ ಪರೀಕ್ಷೆಗೆ ಬರತೊಡಗಿದರು. ಯಾವ ಊರಿನಲ್ಲಿ, ಯಾವ ಕಸುಬಿನಲ್ಲಿ, ಯಾವ ಕೇರಿಯಲ್ಲಿ ಜನರ ಮೈಗೆ ಗಾಳಿ ಸಾಲುತ್ತಿಲ್ಲ ಎಂಬುದು ಮೊದಲ ಬಾರಿಗೆ ನಕಾಶೆಯಾಗಿ ಕಣ್ಣಿಗೆ ಬಿತ್ತು. ಶಾಲೆಗಳಲ್ಲಿ ಹುಡುಗಿಯರ ರಕ್ತ ಪರೀಕ್ಷೆ ವರ್ಷಕ್ಕೆರಡು ಸಲವಾಯಿತು. ಧೂಳೆಬ್ಬಿಸುವ ಕಾರ್ಖಾನೆಗಳ ಮುಂದೆ ಗಾಳಿಯ ಅಳತೆ ತೋರಿಸುವ ಫಲಕ ನಿಂತಿತು. ಅಳತೆ ಕೆಂಪು ಗೆರೆ ದಾಟಿದರೆ ಯಂತ್ರಗಳು ತಾವಾಗಿಯೇ ನಿಲ್ಲುವಂತಾಯಿತು. ನೂರಾಮೂವತ್ತೊಂದನ್ನು ಬೇಡುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯಬೇಕು ಎಂದು ಇಂದುಮತಿ ಒಂದು ಸಭೆಯಲ್ಲಿ ಹೇಳಿದಾಗ, ತನ್ನ ಔಷಧ ಖರ್ಚಾಗಬಾರದೆಂದು ಬಯಸುವ ವಿಜ್ಞಾನಿಯನ್ನು ಜನ ಬೆರಗಿನಿಂದ ನೋಡಿದರು.

ಆ ನಕಾಶೆಯ ಕೆಲಸಕ್ಕೆಂದೇ ಅವರು ೨೦೬೦ರ ಚಳಿಗಾಲದಲ್ಲಿ ಇಳಕಲ್ಲಿಗೆ ಹೋದರು. ಸಂಗವ್ವ ಮನೆಯ ಮುಂದಿನ ಬಿಸಿಲಿನಲ್ಲಿ ಕುಳಿತು ಅವರೆಕಾಳು ಬಿಡಿಸುತ್ತಿದ್ದರು. ಪೆಟ್ಟಿಗೆ ಪಕ್ಕದಲ್ಲಿ ಸಣ್ಣಗೆ ಸದ್ದು ಮಾಡುತ್ತಿತ್ತು. ಇಂದುಮತಿ ಅವರ ಎದುರಿಗೇ ಕಟ್ಟೆಯ ಮೇಲೆ ಕುಳಿತು ನಮೂನೆಯ ಹಾಳೆ ತೆರೆದರು. ಕೆಲಸಕ್ಕೆ ಸೇರಿದ ವರ್ಷ? ಎರಡು ಸಾವಿರದ ಹತ್ತೊಂಬತ್ತು. ಬಿಟ್ಟ ವರ್ಷ? ಮೂವತ್ತೊಂದು. ಮುಖಗವಸು ಧರಿಸುತ್ತಿದ್ದಿರೋ ಇಲ್ಲವೋ ಎಂಬಲ್ಲಿಗೆ ಬಂದಾಗ ಇಂದುಮತಿ, ಆ ಕಾಲಕ್ಕೆ ಅದು ಹಳ್ಳಿಗಳಲ್ಲಿ ಸಿಗುತ್ತಿರಲಿಲ್ಲವೇನೋ ಎಂದುಕೊಂಡು ‘ಇಲ್ಲ’ ಎಂದು ಬರೆಯಹೋದರು.

“ಸಿಗ್ತಿತ್ರಿ ಬಾಯಾರ,” ಎಂದರು ಸಂಗವ್ವ. ನಿಂತರು, ಉಸಿರು ಎಳೆದುಕೊಂಡರು. “ಆ ರೋಗ ಬಂದಿತ್ತಲ್ರಿ... ಇಪ್ಪತ್ತು, ಇಪ್ಪತ್ತೊಂದರಾಗ... ಊರಿಗೆ ಊರ ಮಾಸ್ಕ್ ಹಾಕ್ಕೊಂಡಿತ್ತು... ನಾವೂ ಹಾಕ್ಕೊಂಡ ಕಲ್ಲು ಉಜ್ಜಿದ್ವಿ. ರೋಗ ಹೋತು... ತಗದು ಒಗದ್ವಿ. ಧೂಳಿಗೂ ಹಾಕ್ಕೋರಿ ಅಂತ... ಯಾರೂ ಅನ್ನಲಿಲ್ಲ.”

ಇಂದುಮತಿ ಅದನ್ನು ಹಾಗೆಯೇ ಬರೆದುಕೊಂಡರು. ಕಲ್ಲಿನ ಮೇಲೆ ನೀರು ಬಿಡುತ್ತ ಉಜ್ಜಿದರೆ ಧೂಳು ಏಳುವುದೇ ಇಲ್ಲವಲ್ಲ, ಆ ಕಾರ್ಖಾನೆಯಲ್ಲಿ ನೀರಿರಲಿಲ್ಲವೇ ಎಂದು ಕೇಳಿದರು.

“ಇತ್ರಿ. ಶೆಡ್ಡಿನ ಹೊರಗ ನಳ ಇತ್ತು,” ಎಂದ ಸಂಗವ್ವ ಮಡಿಲಿನ ಸಿಪ್ಪೆ ಕೊಡವಿ, ಬೀದಿಯ ಆಚೆ ಬದಿಯ ಮನೆಯ ಕಡೆ ಕೈ ತೋರಿಸಿದರು. “ಅಲ್ಲೀತನಕ ಆಗಬೋದು ನೋಡ್ರಿ... ಇಪ್ಪತ್ತು ಹೆಜ್ಜಿ. ಒಂದು ಪೈಪ್ ಎಳೀಬೇಕಾಗಿತ್ತು... ಅಷ್ಟ.”